ಹಳೆಯ ಬ್ರೂಕ್ಸ್ ಸೀಟು: ಪಕ್ಕದ ಜೋಲನ್ನು ಕತ್ತರಿಸುವುದೋ, ಲಾಡಿ ಹಾಕಿ ಬಿಗಿಯುವುದೋ?

ತುಮಕೂರು ಸವಾರ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ಪರಿಚಿತರೊಬ್ಬರು ಬಳಸಿ ಬಿಟ್ಟಿದ್ದ ಬ್ರೂಕ್ಸ್ ಬಿ17 ತೊಗಲಿನ ಸೀಟನ್ನು ಕೊಂಡು ನನ್ನ ಸೈಕಲ್ಲಿಗೆ ಹಾಕಿಕೊಂಡೆ. ಜೇನುಬಣ್ಣದ ಸೀಟು, ಆಗ ಒಣಗಿದಂತಿದ್ದರೂ ಗಟ್ಟಿಯಾಗಿಯೇ ಇತ್ತು. ಕಳೆದ ವರ್ಷ ಸೈಕಲ್ಲನ್ನು ಒಂದು ಅಂಗಡಿಯಲ್ಲಿ ಸರ್ವಿಸಿಗೆ ಬಿಟ್ಟಾಗ ಅಲ್ಲಿನವರು ಒಳ್ಳೆಯದಾಗಲಿ ಎಂದುಕೊಂಡೇ ಸೀಟಿನ ಮೇಲೂ ಕೆಳಗೂ ಧಾರಾಳವಾಗಿ ಎಣ್ಣೆ ಸವರಿ ಕೊಟ್ಟರು. ಅದಾದ ಎರಡೇ ತಿಂಗಳಲ್ಲಿ ಸೀಟಿನ ನಡು ಕುಸಿಯಿತು. ಮೂತಿಯಿಂದ ಹಿಂಬದಿಯವರೆಗೆ ಅಡ್ಡಲಾಗಿ ಸ್ಕೇಲ್ ಇಟ್ಟು ನೋಡಿದರೆ ನಡುವೆ 22 ಮಿ.ಮೀ. ತಗ್ಗು ಕಾಣುತ್ತದೆ. ಸ್ಕರ್ಟ್ ಎಂದು ಕರೆಯುವ ಪಕ್ಕದ ಜೋಲು ಚರ್ಮವು ಎರಡೂ ಕಡೆ ಹೊರಕ್ಕೆ ಅರಳಿಕೊಂಡು ಪೆಡಲ್ ತುಳಿದಾಗಲೆಲ್ಲ ತೊಡೆಗೆ ಉಜ್ಜುತ್ತದೆ. 40 ಕಿ.ಮೀ. ದಾಟಿದ ಮೇಲೆ ತೊಡೆಗಳ ನಡುಭಾಗ ಮರಗಟ್ಟುತ್ತದೆ.

ಚರ್ಮವನ್ನು ಎಳೆದು ಬಿಗಿಯುವ ಮೂತಿಯ ಬೋಲ್ಟನ್ನು ಹಲವು ಬಾರಿ ಬಿಗಿ ಮಾಡಿದ್ದೇನೆ. ಈಗ ಅದರಲ್ಲಿ ಹೆಚ್ಚು ಎಳೆ ಉಳಿದಿಲ್ಲ. ಹೊಸ ಸೀಟು ಕೊಳ್ಳುವ ಮೊದಲು ಇದನ್ನೇ ಸರಿಪಡಿಸಿ, ಸಾಧ್ಯವಾದರೆ ಅಂದವನ್ನೂ ಹೆಚ್ಚಿಸಿಕೊಳ್ಳಬೇಕೆಂಬುದು ನನ್ನ ಆಸೆ. ಜೋಲನ್ನು ಕತ್ತರಿಸಿ ಸಣ್ಣದು ಮಾಡಬೇಕು, ನಡುವೆ ಉದ್ದನೆಯ ಸೀಳು ತೆಗೆಯಬೇಕು, ಎಣ್ಣೆಯ ಕಲೆ ಮುಚ್ಚುವಂತೆ ಕಪ್ಪು ಬಣ್ಣ ಹಾಕಬೇಕು, ಈಗಿರುವ ರಿವೆಟ್‌ಗಳ ಜಾಗದಲ್ಲಿ ದೊಡ್ಡ ತಲೆಯ ತಾಮ್ರದ ರಿವೆಟ್ ಕೂರಿಸಬೇಕು ಎಂದೆಲ್ಲ ಯೋಚಿಸಿದ್ದೇನೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂದು ಅನುಭವವಿದ್ದವರು ತಿಳಿಸಬೇಕಾಗಿ ಕೋರುತ್ತೇನೆ.

ಸ್ಮೆಥಿಕ್ ಸಮೀಪದ ಕನ್ನಡಿಗ

ಸವಾರರೇ, ದಯವಿಟ್ಟು ಚಾಕು ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ. ನಾನು ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಅಂಟಿಕೊಂಡಿರುವ ಸ್ಮೆಥಿಕ್ ಊರಿನ ಹತ್ತಿರ ವಾಸವಾಗಿದ್ದೇನೆ. ಬ್ರೂಕ್ಸ್ ಸೀಟುಗಳು ತಯಾರಾಗುವ ಊರು ಇದೇ. 1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆಯ ಸಜ್ಜು ಮತ್ತು ತೊಗಲಿನ ಸಾಮಾನು ತಯಾರಿಸಲು ಆರಂಭಿಸಿದ ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಅವರು 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆದರು. ಅವರ ಕುದುರೆ ಸತ್ತುಹೋಗಿ ಸೈಕಲ್ ಹತ್ತಬೇಕಾಗಿ ಬಂದಾಗ ಅದರ ಸೀಟಿನ ಹಿಂಸೆ ತಾಳಲಾರದೆ ಈ ಕೆಲಸಕ್ಕೆ ಕೈಹಾಕಿದರೆಂದು ಕಂಪನಿಯವರೇ ಹೇಳಿಕೊಂಡು ಬಂದಿದ್ದಾರೆ. ಅಂದರೆ ಈ ಕಸುಬಿನ ಮೂಲವೇ ನೀವು ಈಗ ಅನುಭವಿಸುತ್ತಿರುವ ನೋವು.

ಈ ಸೀಟು ಕೆಲಸ ಮಾಡುವ ಬಗೆಯನ್ನು ಒಮ್ಮೆ ಮನಸ್ಸಿನಲ್ಲಿ ಕಂಡುಕೊಂಡರೆ ಉಳಿದದ್ದೆಲ್ಲ ಸುಲಭ. ನಮ್ಮ ಮನೆಗಳಲ್ಲಿ ಹಳೆಯ ಸೀರೆಯಿಂದ ಮಗುವಿಗೆ ಜೋಳಿಗೆ ಕಟ್ಟುತ್ತಿದ್ದರಲ್ಲ, ಇದೂ ಅಂಥದೇ ಜೋಳಿಗೆ. ಒಳಗೆ ಹತ್ತಿಯಿಲ್ಲ, ಸ್ಪಂಜಿಲ್ಲ. ಸುಮಾರು 5 ಮಿ.ಮೀ. ದಪ್ಪದ ಚರ್ಮವನ್ನು ಮುಂದೆ ಮೂತಿಯಲ್ಲೂ ಹಿಂದೆ ಉಕ್ಕಿನ ಬಾಗಿದ ಪಟ್ಟಿಯಲ್ಲೂ ರಿವೆಟ್ ಹೊಡೆದು ಎಳೆದು ಕಟ್ಟಿರುತ್ತಾರೆ. ನಿಮ್ಮ ಭಾರ ಹೊರುವುದು ಚರ್ಮದ ಮೆತುವಲ್ಲ, ಅದರ ಬಿಗಿತ. ಪಕ್ಕದ ಜೋಲು ಕೂಡ ಬರೀ ಅಲಂಕಾರಕ್ಕೆ ಇರುವುದಲ್ಲ. ಮೇಲ್ಮೈ ಅಗಲಕ್ಕೆ ಹರಡಿಕೊಳ್ಳದಂತೆ ತಡೆಯುವುದು ಅದೇ. ಅತಿಯಾದ ಎಣ್ಣೆ ನಾರುಗಳನ್ನು ಸಡಿಲಗೊಳಿಸಿತು, ಮೇಲ್ಮೈ ಇಳಿಯಿತು, ಇಳಿದ ಚರ್ಮಕ್ಕೆ ಜಾಗ ಬೇಕಾಗಿ ಜೋಲು ಹೊರಕ್ಕೆ ಅರಳಿತು. ತೊಡೆ ಉಜ್ಜುವುದು, ನಡು ಮರಗಟ್ಟುವುದು ಎರಡಕ್ಕೂ ಕಾರಣ ಒಂದೇ.

ಇಂಥ ಸ್ಥಿತಿಯಲ್ಲಿ ಬೋಲ್ಟನ್ನು ಬಿಗಿ ಮಾಡುತ್ತಾ ಹೋದರೆ ಚರ್ಮ ಉದ್ದಕ್ಕೆ ಮಾತ್ರ ಎಳೆಯಲ್ಪಡುತ್ತದೆ. ನಡುವೆ ಏಣು ಏಳುತ್ತದೆ, ಅಂಚುಗಳು ಹಾಗೆಯೇ ಜೋತುಬಿದ್ದಿರುತ್ತವೆ, ಕೊನೆಗೆ ಮೂತಿಯ ರಿವೆಟ್‌ಗಳ ಸುತ್ತ ಚರ್ಮ ಹರಿಯುತ್ತದೆ. ದಯವಿಟ್ಟು ಇವತ್ತೇ ಎರಡು ಸುತ್ತು ಸಡಿಲಿಸಿ. ಬ್ರೂಕ್ಸ್‌ನಲ್ಲಿಯೇ ಬಿ17 ಇಂಪೀರಿಯಲ್ ಎಂಬ ಮಾದರಿಯಲ್ಲಿ ಜೋಲಿಗೆ ರಂಧ್ರ ಹಾಕಿ ಕೆಳಗಿನಿಂದ ಲಾಡಿ ಕಟ್ಟುತ್ತಿದ್ದರು. ನಿಮ್ಮ ಸೀಟಿಗೆ ಮೊದಲು ಬೇಕಾಗಿರುವುದು ಅದು.

ಬ್ರೆವೆ ಸವಾರ, ಬೆಂಗಳೂರು

ಹಿರಿಯರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. 200, 300, 400, 600 ಕಿ.ಮೀ.ಗಳ ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ) ಸವಾರಿಗಳಲ್ಲಿ ನಾನು ಎರಡು ತೊಗಲಿನ ಸೀಟುಗಳನ್ನು ಬಳಸಿದ್ದೇನೆ. ಅದರಲ್ಲಿ ಒಂದನ್ನು ನನ್ನ ಕೈಯಾರೆ ಹಾಳುಮಾಡಿದ್ದೇನೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಲಾಡಿಯ ಕೆಲಸ.

ಸೀಟನ್ನು ಕಳಚಿ, ಬೋಲ್ಟ್ ಸಡಿಲಿಸಿ, ತಲೆಕೆಳಗು ಮಾಡಿ ಇಟ್ಟುಕೊಳ್ಳಿ. ಜೋಲಿನ ಕೆಳಗಂಚಿನಿಂದ 15 ಮಿ.ಮೀ. ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಅದರ ಮೇಲೆ 25 ಮಿ.ಮೀ. ಅಂತರದಲ್ಲಿ ಒಂದೊಂದು ಬದಿಗೆ ನಾಲ್ಕು ಗುರುತು ಮಾಡಿ. ಸೀಟು ಹಿಡಿದಿಡುವ ಕ್ಲಾಂಪಿಗೆ ಲಾಡಿ ತಾಗದಂತೆ ಗುರುತುಗಳೆಲ್ಲ ಅದಕ್ಕಿಂತ ಮುಂದೆಯೇ ಇರಲಿ. ರಂಧ್ರವನ್ನು 4 ಮಿ.ಮೀ. ಅಳತೆಯ ಪಂಚ್‌ನಿಂದಲೇ ಹಾಕಿ. ಬೆಲ್ಟಿಗೆ ತೂತು ಹಾಕುವ ಚಪ್ಪಲಿ ರಿಪೇರಿಯವರ ಬಳಿ ಅದು ಇರುತ್ತದೆ. ಮೊಳೆಯಿಂದಲೋ ಚಾಕುವಿನ ತುದಿಯಿಂದಲೋ ಮಾಡಿದ ರಂಧ್ರಕ್ಕೆ ಮೂಲೆಗಳಿರುತ್ತವೆ, ಚರ್ಮ ಹರಿಯಲು ಶುರುವಾಗುವುದೇ ಆ ಮೂಲೆಯಿಂದ. ದುಂಡಗಿನ ರಂಧ್ರ ಸುಲಭವಾಗಿ ಹರಿಯುವುದಿಲ್ಲ.

ಲಾಡಿಗೆ ಬೂಟಿನ ನೈಲಾನ್ ಲೇಸ್ ಸಾಕು. ಚರ್ಮದ ಲಾಡಿ ನೋಡಲು ಚೆಂದವಾದರೂ ನೆನೆದರೆ ಹಿಗ್ಗುತ್ತದೆ. ಬೂಟಿಗೆ ಹಾಕುವಂತೆಯೇ ಅಡ್ಡಡ್ಡ ಹೆಣೆದು, ಜೋಲುಗಳು ನೆಟ್ಟಗೆ ಕೆಳಮುಖವಾಗಿ ನಿಲ್ಲುವವರೆಗೆ ಮಾತ್ರ ಎಳೆಯಿರಿ. ಅದಕ್ಕಿಂತ ಒಂದು ಬೆರಳು ಹೆಚ್ಚು ಎಳೆದರೂ ಮೇಲ್ಮೈ ಗೂನು ಎದ್ದು ಮರಗಟ್ಟುವಿಕೆ ಇನ್ನೂ ಹೆಚ್ಚುತ್ತದೆ. ಗಂಟು ಬೆರಳಿಗೆ ಸಿಗುವಂತಿರಲಿ, ಏಕೆಂದರೆ ಮೊದಲ ವಾರದಲ್ಲಿ ಮೂರು ನಾಲ್ಕು ಬಾರಿಯಾದರೂ ಅದನ್ನು ಬಿಚ್ಚಿ ಕಟ್ಟಬೇಕಾಗುತ್ತದೆ.

ಇನ್ನು ನಡುವಿನ ಸೀಳಿನ ವಿಚಾರ. ಅಮೆರಿಕದ ಸೆಲ್ಲೆ ಅನಾಟಮಿಕಾ ಸೀಟುಗಳಲ್ಲಿರುವ ಉದ್ದನೆಯ ಸೀಳನ್ನು ನೋಡಿ ನನ್ನ ಸೀಟಿಗೂ ಹಾಗೆಯೇ ಮಾಡಿಕೊಳ್ಳುವ ಉಮೇದು ಬಂತು. ತುದಿಗಳಲ್ಲಿ ದುಂಡು ರಂಧ್ರ ಹಾಕಿ, ನಡುವೆ ಹರಿತವಾದ ಬ್ಲೇಡಿನಿಂದ ನೀಟಾಗಿಯೇ ಕತ್ತರಿಸಿದ್ದೆ. ಮೊದಲ 100 ಕಿ.ಮೀ. ಬಹಳ ಹಿತವಾಗಿತ್ತು. ಆದರೆ ಸೀಳಿದ ಮೇಲೆ ಒಂದು ಜೋಳಿಗೆ ಎರಡು ಪಟ್ಟಿಗಳಾಯಿತು. ಎರಡೂ ತಮ್ಮ ತಮ್ಮ ಪಾಡಿಗೆ ಇಳಿದವು. ಪೆಡಲ್ ತುಳಿಯುವಾಗ ಸೀಳಿನ ಅಂಚುಗಳು ಮುಚ್ಚಿ ತೆರೆದು ಚರ್ಮವನ್ನು ಚಿವುಟತೊಡಗಿದವು. 1,500 ಕಿ.ಮೀ. ಆಗುವಷ್ಟರಲ್ಲಿ ಆ ಸೀಟು ಕೂರಲು ಯೋಗ್ಯವಾಗಿ ಉಳಿಯಲಿಲ್ಲ. ಸೀಳಿರುವ ಸೀಟನ್ನು ತಯಾರಕರು ಸೀಳಿಗೆಂದೇ ರೂಪಿಸಿರುತ್ತಾರೆ. ಈಗಾಗಲೇ ಕುಸಿದಿರುವ ನಿಮ್ಮ ಸೀಟಿಗೆ ಸೀಳು ಹಾಕಿದರೆ ಅದು ಖಂಡಿತ ಉಳಿಯುವುದಿಲ್ಲ.

ಧಾರವಾಡದ ವೈದ್ಯೆ

ಮರಗಟ್ಟುವಿಕೆಯ ಬಗ್ಗೆ ಎಲ್ಲರೂ ಸೀಟಿನ ಸುತ್ತಲೇ ಮಾತನಾಡುತ್ತಿರುವುದರಿಂದ ನಾನು ದೇಹದ ಕಡೆಯಿಂದ ಒಂದೆರಡು ಮಾತು ಹೇಳಬೇಕಾಗಿದೆ. ನಾನೂ ದಿನವೂ ಸೈಕಲ್ ತುಳಿಯುವವಳು.

ಕುಳಿತಾಗ ಭಾರ ಹೊರಬೇಕಾದದ್ದು ಪೃಷ್ಠದ ಕೆಳಗಿರುವ ಎರಡು ಗಟ್ಟಿ ಎಲುಬುಗಳು. ಅವುಗಳ ನಡುವಿನ ಮೆದು ಭಾಗದಲ್ಲಿ ಜನನಾಂಗಕ್ಕೆ ಹೋಗುವ ನರ ಮತ್ತು ರಕ್ತನಾಳಗಳಿವೆ. ಸೀಟಿನ ನಡು ಕುಸಿದರೆ ಎಲುಬುಗಳು ತಗ್ಗಿಗೆ ಇಳಿಯುತ್ತವೆ, ಮೂತಿಯ ಏಣು ಮೆದು ಭಾಗವನ್ನು ಒತ್ತುತ್ತದೆ. ಮರಗಟ್ಟುವಿಕೆ ನರ ಕೊಡುವ ದೂರು. ರೂಢಿಯಾಗುತ್ತದೆ ಎಂದು ಅದನ್ನು ಸಹಿಸಿಕೊಂಡು ಹೋಗಬಾರದು. ಸವಾರಿ ಮುಗಿಸಿ ಬಹಳ ಹೊತ್ತಾದರೂ ಸ್ಪರ್ಶ ಮರಳದಿದ್ದರೆ ಸೈಕಲ್ ಬಿಟ್ಟು ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ಗಟ್ಟಿ ಕುರ್ಚಿಯ ಮೇಲೆ ಪದರುಪದರಾದ ರಟ್ಟಿನ ತುಂಡೊಂದನ್ನು ಇಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಒಂದೆರಡು ನಿಮಿಷ ಮುಂದೆ ಬಾಗಿ ಕುಳಿತುಕೊಳ್ಳಿ. ಎರಡು ಗುಳಿ ಮೂಡುತ್ತವೆ. ಅವುಗಳ ನಡುಬಿಂದುಗಳ ಅಂತರವನ್ನು ಅಳೆದು ಸೀಟಿಗೆ ಹೋಲಿಸಿ ನೋಡಿ. ಬಿ17 ಸೀಟಿನ ಅಗಲ ಸುಮಾರು 170ರಿಂದ 175 ಮಿ.ಮೀ. ಆದರೂ ಅಂಚಿನಲ್ಲಿ ಉಕ್ಕಿನ ಪಟ್ಟಿ ಇರುವುದರಿಂದ ಕೂರಲು ಸಿಗುವ ಅಗಲ ಅದಕ್ಕಿಂತ ಕಡಿಮೆ. ಎಲುಬು ಪಟ್ಟಿಯ ಮೇಲೆ ಬಿದ್ದರೆ ಯಾವ ಲಾಡಿಯೂ ಸಹಾಯಕ್ಕೆ ಬರುವುದಿಲ್ಲ. ಆ ಬಳಿಕ ಸೀಟಿನ ಎತ್ತರ ನೋಡಿ. ಎತ್ತರ ಹೆಚ್ಚಿದ್ದರೆ ಸೊಂಟ ಎಡಬಲಕ್ಕೆ ಹೊರಳುತ್ತದೆ, ಆಗ ಉಜ್ಜುವಿಕೆ ಹೆಚ್ಚುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲುವುದು ಖರ್ಚಿಲ್ಲದ ಮದ್ದು.

ಈ ಚರ್ಚೆಯನ್ನು ಓದುವ ಹೆಣ್ಣುಮಕ್ಕಳಿಗೊಂದು ಮಾತು. ನಮ್ಮ ಎಲುಬುಗಳ ಅಂತರ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಉದ್ದ ಮೂತಿಯಿಂದ ತೊಂದರೆಯೂ ಹೆಚ್ಚು. ಅದಕ್ಕಾಗಿ ಬಿ17 ಸೀಟಿನಲ್ಲೇ ಎಸ್ ಎಂಬ ಗಿಡ್ಡ ಮಾದರಿ ಇದೆ. ಉದ್ದ ಸೀಟನ್ನು ಕೊಯ್ದು ಗಿಡ್ಡ ಮಾಡಲು ಹೋಗಬೇಡಿ; ಮೂತಿಯ ಉಕ್ಕಿನ ಚೌಕಟ್ಟೇ ಅದಕ್ಕೆ ಅಡ್ಡ ಬರುತ್ತದೆ.

ತುಮಕೂರು ಸವಾರ

ಎಲ್ಲರಿಗೂ ಕೃತಜ್ಞತೆಗಳು. ರಟ್ಟಿನ ಮೇಲೆ ಅಳೆದಾಗ ನನ್ನ ಎಲುಬುಗಳ ಅಂತರ 125 ಮಿ.ಮೀ. ಬಂದಿತು, ಹಾಗಾಗಿ ಅಗಲದ ತೊಂದರೆಯಿಲ್ಲ. ಸೀಟು 8 ಮಿ.ಮೀ.ನಷ್ಟು ಎತ್ತರವಿತ್ತು, ಇಳಿಸಿದ್ದೇನೆ. ನಮ್ಮ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರಲ್ಲಿ ಪಂಚ್ ಹೊಡೆಸಿ ಲಾಡಿ ಹಾಕಿ, ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ಮೂರು ವಾರಗಳಲ್ಲಿ 260 ಕಿ.ಮೀ. ತುಳಿದಿದ್ದೇನೆ. ತಗ್ಗು 22ರಿಂದ 13 ಮಿ.ಮೀ.ಗೆ ಇಳಿದಿದೆ. ಮರಗಟ್ಟುವಿಕೆ 70 ಕಿ.ಮೀ. ಸವಾರಿಯಲ್ಲೂ ಕಾಣಿಸಿಕೊಳ್ಳಲಿಲ್ಲ. ಸೀಳು ಹಾಕುವ ಯೋಚನೆಯನ್ನು ಸಂಪೂರ್ಣವಾಗಿ ಕೈಬಿಟ್ಟಿದ್ದೇನೆ.

ಆದರೆ ತೊಡೆಯ ಉಜ್ಜುವಿಕೆ ಅರ್ಧದಷ್ಟು ಉಳಿದಿದೆ. ಎಣ್ಣೆ ಕುಡಿದ ಜೋಲಿನ ಕೆಳಗಂಚು ದಪ್ಪವಾಗಿಯೇ ಇದ್ದು ಲಾಡಿಯ ಕೆಳಗೆ ಹೊರಕ್ಕೆ ಮಡಚಿಕೊಳ್ಳುತ್ತದೆ. ಆ ಭಾಗವನ್ನಷ್ಟೇ ತೆಗೆದರೆ ತಪ್ಪಾಗುತ್ತದೆಯೇ?

ಅಥಣಿಯ ತೊಗಲು ಕೆಲಸದವ

ಅಣ್ಣಾ, ತಪ್ಪಿಲ್ಲ, ಆದರೆ ಅದಕ್ಕೊಂದು ಕ್ರಮವಿದೆ. ನಮ್ಮ ಮನೆತನದ್ದು ಚಪ್ಪಲಿಯ ಕಸುಬು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಅದರಲ್ಲಿ ಸೇರಿತು. ನಿಮ್ಮ ಇಂಗ್ಲೆಂಡಿನ ಸೀಟೂ ನಮ್ಮ ಚಪ್ಪಲಿಯೂ ಒಂದೇ ಜಾತಿಯ ತೊಗಲು. ಎರಡನ್ನೂ ಮರದ ತೊಗಟೆ ಕಾಯಿಗಳ ಒಗರಿನಲ್ಲಿ ಹದ ಮಾಡಿರುತ್ತಾರೆ. ನಾವು ಜಾಲಿಯ ತೊಗಟೆ, ಅಳಲೆಕಾಯಿ ಬಳಸುತ್ತೇವೆ. ಹೀಗೆ ಹದ ಮಾಡಿದ ತೊಗಲು ನೆನೆದಾಗ ಹೇಳಿದ ಮಾತು ಕೇಳುತ್ತದೆ, ಒಣಗಿದಾಗ ಕೊಟ್ಟ ಆಕಾರ ಹಿಡಿದುಕೊಳ್ಳುತ್ತದೆ. ಬ್ಯಾಗು ಸೋಫಾಗಳಿಗೆ ಬಳಸುವ ಕ್ರೋಮ್ ಹದದ ತೊಗಲಿಗೆ ಈ ಗುಣವಿಲ್ಲ. ಕತ್ತರಿಸಿದ ಅಂಚಿನಲ್ಲಿ ಅದು ಸಾಮಾನ್ಯವಾಗಿ ನೀಲಿಬೂದು ಬಣ್ಣ ತೋರಿಸುತ್ತದೆ. ಆದ್ದರಿಂದ ಸೀಟಿಗೆ ತೇಪೆ ಹಾಕಲು ಯಾರಾದರೂ ಸೋಫಾ ತೊಗಲು ಕೊಟ್ಟರೆ ಬೇಡ ಎನ್ನಿ.

ಮೊದಲು ಎಣ್ಣೆ ತೆಗೆಯಬೇಕು. ಪೂರ್ತಿ ಹೋಗುವುದಿಲ್ಲ, ಆದರೂ ಮುಲ್ತಾನಿ ಮಣ್ಣನ್ನು ಸ್ವಲ್ಪವೇ ತೇವ ಮಾಡಿ ಒಳಮೈಗೆ ದಪ್ಪಗೆ ಮೆತ್ತಿ, ಒಣಗಿದ ಮೇಲೆ ಕೆರೆದು ತೆಗೆಯಿರಿ. ನಾಲ್ಕೈದು ಸಲ ಮಾಡಿದರೆ ಮಣ್ಣಿನ ಬಣ್ಣವೇ ನಿಮಗೆ ಲೆಕ್ಕ ಹೇಳುತ್ತದೆ.

ಕತ್ತರಿಸುವುದಕ್ಕೆ ಮೊದಲು ದಪ್ಪ ಕಾಗದದಲ್ಲಿ ಒಂದು ಬದಿಯ ಅಚ್ಚು ಮಾಡಿಕೊಳ್ಳಿ. ಅದನ್ನೇ ಮಗುಚಿ ಇನ್ನೊಂದು ಬದಿಗೆ ಬಳಸಿ. ಕಣ್ಣಳತೆಯಲ್ಲಿ ಎರಡು ಬದಿ ಒಂದೇ ಆಗುವುದಿಲ್ಲ. ಗೆರೆಯು ಮೂತಿಯ ರಿವೆಟ್‌ಗಳಿಂದ ಎರಡು ಬೆರಳು ದೂರ ಹೊರಟು, ನಿಧಾನವಾಗಿ ಮೇಲೇರಿ, ಹಿಂದಿನ ರಿವೆಟ್‌ಗಳಿಗೆ ಮೊದಲೇ ಮತ್ತೆ ಕೆಳಗಿಳಿಯಬೇಕು. ಎಲ್ಲಿಯೂ ಚೂಪಾದ ತಿರುವು ಇರಬಾರದು. ಲಾಡಿಯ ರಂಧ್ರದ ಕೆಳಗೆ ಕನಿಷ್ಠ 8 ಮಿ.ಮೀ. ತೊಗಲು ಉಳಿಯಲಿ, ಇಲ್ಲವಾದರೆ ಲಾಡಿ ಅದನ್ನು ಕಿತ್ತುಕೊಂಡು ಬರುತ್ತದೆ. ತೊಗಲಿಗೆ ಸ್ವಲ್ಪ ನೀರು ಚಿಮುಕಿಸಿ ಮೆದುವಾದ ಮೇಲೆ, ಈಗಷ್ಟೇ ಸಾಣೆ ಹಿಡಿದ ರಂಪಿಗೆಯಿಂದ (ತೊಗಲು ಕೊಯ್ಯುವ ಉಳಿಯಿಂದ) ಕೈಯೆತ್ತದೆ ಒಂದೇ ಎಳೆತದಲ್ಲಿ ಕೊಯ್ಯಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಅಂಚು ಹಲ್ಲುಹಲ್ಲಾಗುತ್ತದೆ. ಈ ಕೆಲಸದ ಕೈ ಇಲ್ಲದಿದ್ದರೆ ಪಂಚ್ ಹೊಡೆದುಕೊಟ್ಟ ಆ ಹಿರಿಯರಿಗೇ ಒಪ್ಪಿಸಿ. ಅವರು ದಿನಕ್ಕೆ ಹತ್ತು ಸಲ ಅದನ್ನು ಮಾಡುತ್ತಾರೆ.

ಕೊಯ್ದ ಮೇಲೆ ಅಂಚನ್ನು ಓರೆಯಾಗಿ ಸವರಿ ತೆಳ್ಳಗೆ ಮಾಡಿ, ಉಪ್ಪುಕಾಗದದಿಂದ ತಿಕ್ಕಿ, ನೀರು ಸವರಿ, ದಪ್ಪ ಖಾದಿ ಬಟ್ಟೆಯಿಂದ ಅಂಚು ಬಿಸಿಯಾಗುವಷ್ಟು ಉಜ್ಜಿ. ನಾರುಗಳೆಲ್ಲ ಮಲಗಿ ಅಂಚು ಗಾಜಿನಂತೆ ಹೊಳೆಯುತ್ತದೆ. ತೊಡೆಗೆ ತಾಗುವುದು ಈ ಅಂಚು. ಕಣ್ಣಿಗೆ ಚೆಂದವೂ ಮೈಗೆ ಹಿತವೂ ಎರಡೂ ಇದೇ ಉಜ್ಜುವಿಕೆಯಿಂದ ಬರುತ್ತವೆ. ಕೊಯ್ದು ತೆಗೆದ ಚೂರುಗಳನ್ನು ಎಸೆಯಬೇಡಿ, ಬಣ್ಣದ ಪರೀಕ್ಷೆಗೆ ಬೇಕು.

ಸ್ಮೆಥಿಕ್ ಸಮೀಪದ ಕನ್ನಡಿಗ

ಅಥಣಿಯವರ ಕಸುಬಿನ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಆದರೂ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಕಡಿಮೆ ಜೋಲಿರುವ ಸೀಟು ಬೇಕಾದವರಿಗೆ ಬ್ರೂಕ್ಸ್‌ನವರದೇ ಸ್ವಾಲೋ, ಸ್ವಿಫ್ಟ್ ಮಾದರಿಗಳಿದ್ದವು. ಅವುಗಳಲ್ಲಿ ಜೋಲನ್ನು ಕತ್ತರಿಸಿ ಕೆಳಗೆ ಮಡಚಿ ಬಿಗಿದಿರುತ್ತಾರೆ, ಸುಮ್ಮನೆ ಕೊಯ್ದು ಬಿಟ್ಟಿರುವುದಿಲ್ಲ. ಬಿ17 ಸೀಟಿನ ಜೋಲನ್ನು ಕೊಯ್ದರೆ ಅಡ್ಡಬಿಗಿತ ಕಡಿಮೆಯಾಗುತ್ತದೆ. ಅದನ್ನು ಲಾಡಿಯೊಂದೇ ಸರಿದೂಗಿಸಬೇಕಾಗುತ್ತದೆ. ಇಂದು ಗಟ್ಟಿಯಾಗಿ ಕಂಡರೂ ಸೀಟಿನ ಆಯುಷ್ಯ ಕುಗ್ಗುವುದು ನಿಶ್ಚಯ.

ಅಥಣಿಯ ತೊಗಲು ಕೆಲಸದವ

ಹಿರಿಯರು ಹೇಳುವುದು ಹೊಸ ಸೀಟಿಗಾದರೆ ನೂರಕ್ಕೆ ನೂರು ನಿಜ. ಹೊಸ ತೊಗಲಿಗೆ ನಾನೂ ರಂಪಿಗೆ ಮುಟ್ಟಿಸುವುದಿಲ್ಲ. ಆದರೆ ಎಣ್ಣೆ ಕುಡಿದು ಸತ್ತ ಅಂಚು ಬಿಗಿತ ಕೊಡುವುದಿಲ್ಲ, ಭಾರ ಮಾತ್ರ ಕೊಡುತ್ತದೆ. ಬೆರಳಲ್ಲಿ ಅದನ್ನು ಮಡಚಿ ನೋಡಿ: ತಾನಾಗಿ ನೆಟ್ಟಗಾದರೆ ಜೀವವಿದೆ, ಬಿಡಿ; ಮಡಚಿದಂತೆಯೇ ಉಳಿದರೆ ತೆಗೆಯಿರಿ.

ಬ್ರೆವೆ ಸವಾರ, ಬೆಂಗಳೂರು

ಈ ಬೆರಳಿನ ಪರೀಕ್ಷೆ ನನಗೆ ಗೊತ್ತಿರಲಿಲ್ಲ. ನನ್ನ ಎರಡನೆಯ ಸೀಟಿಗೆ ಈಗಲೇ ಮಾಡಿ ನೋಡಿದೆ, ನೆಟ್ಟಗಾಯಿತು. ನೆಮ್ಮದಿಯಾಯಿತು.

ಮಂಗಳೂರಿನ ಮಳೆಗಾಲ

ಬಣ್ಣ, ಅಂಚು ಎಂದು ಮುಂದುವರಿಯುವ ಮೊದಲು ನೀರಿನ ಮಾತನ್ನು ಯಾರೂ ಎತ್ತದಿರುವುದು ನನಗೆ ಆತಂಕ ತಂದಿದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಗಲಿನ ಸೀಟು ಇಟ್ಟುಕೊಳ್ಳುವುದೆಂದರೆ ಒಂದು ವ್ರತವಿದ್ದಂತೆ. ಮೇಲೆ ಬೀಳುವ ಮಳೆಗಿಂತ ಹಿಂದಿನ ಚಕ್ರ ಚಿಮ್ಮಿಸುವ ಕೆಸರುನೀರೇ ದೊಡ್ಡ ಶತ್ರು, ಏಕೆಂದರೆ ಸೀಟಿನ ಒಳಮೈಗೆ ಮೆರುಗಿನ ರಕ್ಷಣೆ ಇರುವುದಿಲ್ಲ. ನೀರನ್ನು ಬಟ್ಟೆಯಂತೆ ಹೀರಿಕೊಳ್ಳುತ್ತದೆ. ಪೂರ್ತಿ ಉದ್ದದ ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ತೊಗಲಿನ ಸೀಟು ಹಾಕಲೇಬಾರದೆಂಬುದು ನನ್ನ ಖಚಿತ ನಿಲುವು.

ನೆನೆದ ಸೀಟಿನ ಮೇಲೆ ಕುಳಿತು ತುಳಿದರೆ ಅದು ಹಿಗ್ಗಿ ಹಾಗೆಯೇ ಒಣಗುತ್ತದೆ. ಆದ್ದರಿಂದ ಮಳೆ ಹಿಡಿದರೆ ಪ್ಲಾಸ್ಟಿಕ್ ಹೊದಿಕೆ ಹಾಕಿ. ಮನೆ ತಲುಪಿದ ಕೂಡಲೇ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲು, ಹೇರ್ ಡ್ರೈಯರ್, ಒಲೆಯ ಬದಿ ಯಾವುದೂ ಬೇಡ. ಒದ್ದೆ ತೊಗಲಿಗೆ ಬಿಸಿ ತಗುಲಿದರೆ ಅದು ಸುಕ್ಕುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಒಳಮೈಗೆ ಜೇನುಮೇಣ ಬೆರೆತ ಲೇಪವನ್ನು ವರ್ಷಕ್ಕೆ ಎರಡು ಬಾರಿ, ಮೇಲ್ಮೈಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಬೆರಳತುದಿಯಷ್ಟು ಹಚ್ಚಿದರೆ ಸಾಕು. ಬ್ರೂಕ್ಸ್‌ನವರ ಪ್ರೂಫೈಡ್ ಲೇಪವೂ ಕೊಬ್ಬು, ಮೇಣ, ಎಣ್ಣೆಗಳ ಮಿಶ್ರಣವೇ. ಮೇಣವಿಲ್ಲದ ಬರಿಯ ಎಣ್ಣೆ, ಕೊಬ್ಬರಿಯದಾಗಲಿ ಹರಳಿನದಾಗಲಿ, ಸೀಟಿಗೆ ತಕ್ಕದ್ದಲ್ಲ. ಚಪ್ಪಲಿ ಮೆದುವಾಗಬೇಕು, ಹಾಗಾಗಿ ಎಣ್ಣೆ ಹಾಕುತ್ತೇವೆ, ಸೀಟು ಮೆದುವಾಗಬಾರದು.

ತುಮಕೂರು ಸವಾರ

ಬೆರಳಿನ ಪರೀಕ್ಷೆಯಲ್ಲಿ ಕೆಳಗಿನ ಹತ್ತು ಹನ್ನೆರಡು ಮಿ.ಮೀ. ಸತ್ತಿರುವುದು ಖಚಿತವಾಯಿತು. ಮುಲ್ತಾನಿ ಮಣ್ಣನ್ನು ಆರು ಸಲ ಮೆತ್ತಿದೆ. ಮೊದಲ ಮೂರು ಸಲ ಕಾಫಿಪುಡಿಯ ಬಣ್ಣಕ್ಕೆ ತಿರುಗಿದ ಮಣ್ಣು ಕೊನೆಯ ಸಲ ತನ್ನ ಬಣ್ಣದಲ್ಲೇ ಉಳಿಯಿತು. ಕೊಯ್ಯುವ ಕೆಲಸವನ್ನು ಚಪ್ಪಲಿಯ ಹಿರಿಯರೇ ಮಾಡಿಕೊಟ್ಟರು. ಅವರು ಅಚ್ಚಿನ ಕಾಗದವನ್ನು ಸೀಟಿಗೆ ಒತ್ತಿಹಿಡಿದು, ಹೆಬ್ಬೆರಳನ್ನು ಅಂಚಿಗೆ ಆನಿಸಿಕೊಂಡು, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ರಂಪಿಗೆ ಓಡಿಸಿದರು. ಕಿತ್ತಳೆ ಸಿಪ್ಪೆಯಂತೆ ಸುರುಳಿಯಾಗಿ ಬಿದ್ದ ಪಟ್ಟಿಯನ್ನು ಮೂಸಿ ನೋಡಿ, ಇದಕ್ಕೆ ಯಾರು ಇಷ್ಟು ಎಣ್ಣೆ ಹಾಕಿದ್ದು ಎಂದು ಕೇಳಿದರು.

ಈಗ ಕಪ್ಪು ಬಣ್ಣ ಮತ್ತು ರಿವೆಟ್ ವಿಚಾರದಲ್ಲಿ ಮಾರ್ಗದರ್ಶನ ಬೇಕು.

ಅಥಣಿಯ ತೊಗಲು ಕೆಲಸದವ

ಬಣ್ಣದ ಡಬ್ಬಿ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದರು. ಒಗರಿಗೂ ಕಬ್ಬಿಣಕ್ಕೂ ಕೂಡಿದರೆ ಕಪ್ಪು ಹುಟ್ಟುತ್ತದೆ. ನಿಮ್ಮ ಸೀಟಿನಲ್ಲಿ ಒಗರು ಆಗಲೇ ಇದೆ, ಕಬ್ಬಿಣ ಕೊಟ್ಟರೆ ಸಾಕು. ಎಣ್ಣೆ ಜಿಡ್ಡು ತೊಳೆದ ಕಬ್ಬಿಣದ ಮೊಳೆಗಳನ್ನು ಬಿಳಿ ವಿನೆಗರ್‌ನಲ್ಲಿ ಒಂದೆರಡು ವಾರ ನೆನೆಯಿಡಿ. ಮುಚ್ಚಳವನ್ನು ಬಿಗಿಯಬೇಡಿ, ಅದರಿಂದ ಅನಿಲ ಹೊರಡುತ್ತದೆ. ಬಟ್ಟೆಯಲ್ಲಿ ಸೋಸಿ ಒಂದು ಚೂರಿನ ಮೇಲೆ ಹಚ್ಚಿ ನೋಡಿ. ಮೇಲೆ ಬಳಿದ ಬಣ್ಣದಂತೆ ಇದು ಸಿಪ್ಪೆ ಏಳುವುದಿಲ್ಲ, ತೊಗಲೇ ಕಪ್ಪಾಗುತ್ತದೆ. ಕಪ್ಪು ಮಂದವಾಗಿದ್ದರೆ ಅಳಲೆಕಾಯಿ ಕಷಾಯ ಹಚ್ಚಿ ಒಣಗಿಸಿ ಮತ್ತೊಮ್ಮೆ ಹಚ್ಚಿ. ಕೊನೆಯಲ್ಲಿ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಲೇಬೇಕು, ಹುಳಿ ಒಳಗೆ ಉಳಿದರೆ ವರ್ಷಗಳು ಕಳೆದಂತೆ ತೊಗಲು ಪುಡಿಯಾಗುತ್ತದೆ. ಅದೇ ಕಾರಣಕ್ಕೆ ಒಂದೆರಡು ಲೇಪಕ್ಕಿಂತ ಹೆಚ್ಚು ಬೇಡ.

ಮೇಲ್ಮೈಯಲ್ಲಿ ಕಾರ್ಖಾನೆಯ ಮೆರುಗು ಉಳಿದಿದ್ದರೆ ಏನೂ ಒಳಗೆ ಇಳಿಯುವುದಿಲ್ಲ. ಒಂದು ಹನಿ ನೀರು ಬಿಡಿ. ಮಣಿಯಂತೆ ನಿಂತರೆ ಮೆರುಗು ಇದೆ ಎಂದರ್ಥ, ಸ್ಪಿರಿಟ್‌ನಿಂದ ಒರೆಸಿ ತೆಗೆಯಿರಿ. ಕಪ್ಪಗೆ ಹರಡಿದರೆ ಸಿದ್ಧವಾಗಿದೆ.

ರಿವೆಟ್ ವಿಷಯದಲ್ಲಿ ಒಂದೇ ಎಚ್ಚರಿಕೆ: ಎಲ್ಲವನ್ನೂ ಒಮ್ಮೆಗೇ ಕೀಳಬೇಡಿ. ಬೋಲ್ಟ್ ಪೂರ್ತಿ ಸಡಿಲಿಸಿ, ಒಂದು ಕಿತ್ತು ಒಂದು ಕೂರಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲ ಕಿತ್ತರೆ ತೊಗಲು ಜರುಗಿ ರಂಧ್ರಗಳು ಮತ್ತೆ ಕೂಡಿ ಬರುವುದಿಲ್ಲ. ತಾಮ್ರವನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮೆದುವಾಗುತ್ತದೆ. ಕಬ್ಬಿಣದ ಹಾಗೆ ನೀರಿಗೆ ಹಾಕಿದರೆ ಗಟ್ಟಿಯಾದೀತೆಂಬ ಭಯ ಬೇಡ. ತಲೆಯನ್ನು ಗುಳಿ ಮಾಡಿದ ಗಟ್ಟಿಮರದ ದಿಮ್ಮಿಯ ಮೇಲೆ ಆನಿಸಿ, ಒಳಬದಿಯ ತುದಿಯನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಹರಡಿಸಿ.

ಸ್ಮೆಥಿಕ್ ಸಮೀಪದ ಕನ್ನಡಿಗ

ಇದಕ್ಕೆ ಸೇರಿಸುವುದಾದರೆ, ದೊಡ್ಡ ತಲೆಯ ತಾಮ್ರದ ರಿವೆಟ್ ಬ್ರೂಕ್ಸ್‌ನ ಟೀಮ್ ಪ್ರೊ ಮಾದರಿಯ ಗುರುತು. ಅದನ್ನು ಕೈಯಿಂದಲೇ ಬಡಿಯುತ್ತಾರೆ. ತಲೆ ದೊಡ್ಡದಾದಷ್ಟೂ ಎಳೆತ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಅದಕ್ಕೆ ಅಂದದಾಚೆಗೂ ಅರ್ಥವಿದೆ. ಫ್ರಾನ್ಸಿನ ಜಿಲ್ ಬರ್ತೂ ಸೀಟುಗಳಲ್ಲಿ ರಿವೆಟ್ ಬದಲು ಸ್ಕ್ರೂ ಇರುತ್ತದೆ, ಸವೆದ ಚರ್ಮವನ್ನು ಸವಾರನೇ ಬದಲಾಯಿಸಿಕೊಳ್ಳಬಹುದು. ಮುಂದೊಂದು ದಿನ ನೀವು ಹೊಸ ಸೀಟು ಕೊಳ್ಳುವುದಾದರೆ ಅದನ್ನೂ ಗಮನಿಸಿ.

ತುಮಕೂರು ಸವಾರ

ಆರು ವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಕೊಯ್ದ ಪಟ್ಟಿಗಳನ್ನು ಮೂರು ಚೂರು ಮಾಡಿ ಪರೀಕ್ಷಿಸಿದೆ. ಮೊದಲನೆಯದಕ್ಕೆ ಬರಿಯ ಕಬ್ಬಿಣದ ನೀರು ಹಚ್ಚಿದೆ. ಬೆಳ್ಳಗಿನ ಟೀ ಬಣ್ಣದ ಆ ನೀರು ತಾಗಿದ ಕೆಲವೇ ಕ್ಷಣಗಳಲ್ಲಿ ಚರ್ಮ ಬೂದುಬಣ್ಣವಾಗಿ, ನೇರಳೆಯಾಗಿ, ಕಪ್ಪಿಗೆ ತಿರುಗಿತು. ಆದರೆ ಎಣ್ಣೆ ಉಳಿದಿದ್ದ ಕಡೆ ಕಂದು ಮಚ್ಚೆಗಳು ನಿಂತವು. ಎರಡನೆಯದಕ್ಕೆ ಮೊದಲು ಸ್ಪಿರಿಟ್, ಬಳಿಕ ಅಳಲೆಕಾಯಿ ಕಷಾಯ, ಅದರ ಮೇಲೆ ಕಬ್ಬಿಣದ ನೀರು ಹಚ್ಚಿದೆ. ಒಂದೇ ಸಮನಾದ ನೀಲಿಗಪ್ಪು ಬಂದಿತು. ಮೂರನೆಯದಕ್ಕೆ ಅಂಗಡಿಯ ಬಣ್ಣ ಹಚ್ಚಿದೆ. ನೋಡಲು ಎಲ್ಲಕ್ಕಿಂತ ಕಪ್ಪು, ಆದರೆ ಮೇಣ ಹಚ್ಚಿದ ಮೇಲೂ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಟ್ಟೆ ಕಪ್ಪಾಗುತ್ತಿತ್ತು. ಬೆವರಿದರೆ ಪ್ಯಾಂಟಿನ ಗತಿಯೂ ಅದೇ ಆಗುತ್ತಿತ್ತು. ಎರಡನೆಯ ಕ್ರಮವನ್ನೇ ಸೀಟಿಗೆ ಅನುಸರಿಸಿದೆ.

ರಿವೆಟ್‌ಗಳಲ್ಲಿ ಹಿಂಬದಿಯ ಐದನ್ನು ಮಾತ್ರ ಬದಲಾಯಿಸಿದೆ. ಮೂತಿಯವು ಗಟ್ಟಿಯಾಗಿದ್ದು ಅವುಗಳ ಸುತ್ತ ಚರ್ಮ ಸ್ವಲ್ಪ ಸೊರಗಿದಂತೆ ಕಂಡಿದ್ದರಿಂದ ಅಲ್ಲಿ ಕೈಹಾಕಲು ಮನಸ್ಸು ಬರಲಿಲ್ಲ. ಮೊದಲ ರಿವೆಟ್ಟನ್ನು ಜೋರಾಗಿ ಬಡಿದು ಓರೆಯಾಗಿಸಿದೆ. ಅದನ್ನು ಕಿತ್ತು ಮತ್ತೊಂದು ಹಾಕಬೇಕಾಯಿತು. ಐದನೆಯದರ ಹೊತ್ತಿಗೆ ಕೈಗೆ ಹದ ಸಿಕ್ಕಿತು.

ಕೊನೆಯಲ್ಲಿ ಮೇಣದ ಲೇಪ ಹಚ್ಚಿ, ಲಾಡಿ ಕಟ್ಟಿ, ಬೋಲ್ಟನ್ನು ಜೋತಾಡದಷ್ಟು ಮಾತ್ರ 1 ಸುತ್ತು ಬಿಗಿದೆ. ಕಳೆದ ಭಾನುವಾರ ದೇವರಾಯನದುರ್ಗದ ಕಡೆಯಿಂದ ಬಳಸಿಕೊಂಡು 92 ಕಿ.ಮೀ. ತುಳಿದೆ. ತೊಡೆ ಉಜ್ಜಲಿಲ್ಲ, ನಡು ಮರಗಟ್ಟಲಿಲ್ಲ. ತಗ್ಗು ಈಗ 14 ಮಿ.ಮೀ. ಇದೆ, ಅಂದರೆ ಲಾಡಿ ಕಟ್ಟಿದ ದಿನಕ್ಕಿಂತ 1 ಮಿ.ಮೀ. ಹೆಚ್ಚು. ಅಡ್ಡಬಿಗಿತದ ಬಗ್ಗೆ ಸ್ಮೆಥಿಕ್‌ನ ಹಿರಿಯರು ಹೇಳಿದ ಮಾತನ್ನು ನಾನು ಮರೆತಿಲ್ಲ; ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ಅಳೆದು ಇಲ್ಲಿಯೇ ದಾಖಲಿಸುತ್ತೇನೆ.

ಮಂಗಳೂರಿನ ಮಳೆಗಾಲ

ಬಹಳ ಸಂತೋಷವಾಯಿತು. ನಿಮ್ಮ ಜೋಲಿನ ಅಚ್ಚಿನ ಅಳತೆಗಳನ್ನು ಕೊಡಲು ಸಾಧ್ಯವೇ? ನನ್ನ ಬಳಿ ಇದೇ ಅವಸ್ಥೆಯ ಹಳೆಯ ಸೀಟೊಂದಿದೆ. ಮಡ್‌ಗಾರ್ಡ್ ಹಾಕಿದಿರೋ ಇಲ್ಲವೋ ಅದನ್ನೂ ತಿಳಿಸಿ.

ತುಮಕೂರು ಸವಾರ

ಮಡ್‌ಗಾರ್ಡ್ ಹಾಕಿಸಿದ್ದೇನೆ. ಅಚ್ಚಿನ ಗೆರೆ ಮೂತಿಯ ತುದಿಯಿಂದ 60 ಮಿ.ಮೀ. ಹಿಂದೆ ಹೊರಡುತ್ತದೆ, ತುದಿಯಿಂದ 130 ಮಿ.ಮೀ. ದೂರದಲ್ಲಿ ಅತಿ ಹೆಚ್ಚು ಎಂದರೆ 12 ಮಿ.ಮೀ. ಮೇಲೇರುತ್ತದೆ, 200 ಮಿ.ಮೀ. ದೂರದಲ್ಲಿ ಹಳೆಯ ಅಂಚನ್ನು ಮತ್ತೆ ಸೇರುತ್ತದೆ. ಆ 12 ಮಿ.ಮೀ. ಏರುವ ಕಡೆ ರಂಧ್ರದ ಗೆರೆಯನ್ನು ಮೊದಲೇ ಇನ್ನೂ ಮೇಲಿಟ್ಟುಕೊಳ್ಳಿ. ನಾನು ಹಾಗೆ ಮಾಡದೆ ಒಂದೊಂದು ಬದಿಯಲ್ಲಿ ಎರಡೆರಡು ರಂಧ್ರಗಳನ್ನು 10 ಮಿ.ಮೀ. ಮೇಲಕ್ಕೆ ಹೊಸದಾಗಿ ಹಾಕಿಸಬೇಕಾಯಿತು, ಹಳೆಯ ರಂಧ್ರಗಳಲ್ಲಿ ಒಂದರ ಅರ್ಧಭಾಗ ಎಡಬದಿಯ ಅಂಚಿನಲ್ಲಿ ಇನ್ನೂ ಕಾಣುತ್ತದೆ. ನಿಮ್ಮ ಸೀಟಿಗೆ ಇವೇ ಅಳತೆಗಳು ಹೊಂದುತ್ತವೆ ಎಂದುಕೊಳ್ಳದೆ, ಮೊದಲು ಬೆರಳಿನಲ್ಲಿ ಮಡಚಿ ನೋಡಿ ಎಲ್ಲಿಯವರೆಗೆ ಸತ್ತಿದೆಯೋ ಅಲ್ಲಿಗೆ ಗೆರೆ ಎಳೆಯಿರಿ.